ಯೂರಿಯಾ ಹಾಕಿದರೂ ಮೆಕ್ಕೆಜೋಳ ಹಳದಿ: ಸಾರಜನಕ ಸೋರುವ ಜಾಗ ಹುಡುಕುವುದು ಹೇಗೆ?

ದೂರು ಪ್ರತಿ ವರ್ಷ ಒಂದೇ. ಜುಲೈ ಕೊನೆ, ಇಲ್ಲವೇ ಆಗಸ್ಟ್ ಮೊದಲ ವಾರ. ಮೆಕ್ಕೆಜೋಳ ಮೊಣಕಾಲು ದಾಟಿದೆ. ಎಕರೆಗೆ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ), ಎರಡು ಚೀಲ ಯೂರಿಯಾ (ಬರೀ ಸಾರಜನಕದ ಗೊಬ್ಬರ) ಆಗಲೇ ಹೊಲ ಸೇರಿದೆ. ಆದರೂ ಬೆಳೆ ಹಳದಿ. ಆಗ ನಾವು ಮಾಡುವ ಕೆಲಸವೂ ಒಂದೇ. ಗೊಬ್ಬರದ ಅಂಗಡಿ ಮುಂದೆ ಸಾಲಲ್ಲಿ ನಿಂತು ಇನ್ನೊಂದು ಚೀಲ ತರುವುದು. ನಾನೂ ಎಷ್ಟೋ ವರ್ಷ ಅದನ್ನೇ ಮಾಡಿದ್ದೇನೆ.

ಹಾವೇರಿ, ರಾಣೆಬೆನ್ನೂರು, ದಾವಣಗೆರೆ ಕಡೆ ಮುಂಗಾರಿಗೆ ಮೆಕ್ಕೆಜೋಳ, ಹಿಂಗಾರಿಗೆ ಕಡಲೆ ಅಥವಾ ಜೋಳ ಹಾಕುವವರಿಗಾಗಿ ಇದನ್ನು ಬರೆದಿದ್ದೇನೆ. ಧಾರವಾಡದ ಕಡೆ ಹೆಸರು ಕಿತ್ತು ಜೋಳ ಬಿತ್ತುವವರಿಗೂ, ಬೆಳಗಾವಿ ಕಡೆ ಸೋಯಾ ಮೇಲೆ ಕಡಲೆ ಹಾಕುವವರಿಗೂ ಬಹಳಷ್ಟು ಹೊಂದುತ್ತದೆ. ಟ್ಯಾಂಕ್ ಸೋರುತ್ತಿದ್ದರೆ ಮೊದಲು ತೂತು ಹುಡುಕುತ್ತೇವೆ, ಮೋಟರ್ ಜಾಸ್ತಿ ಹೊತ್ತು ಓಡಿಸುವುದಿಲ್ಲ ಅಲ್ವಾ? ಇಲ್ಲೂ ಹಾಗೇ. ತೂತು ಎಷ್ಟೋ ಸಲ ಈ ಬೆಳೆಯಲ್ಲಿ ಇರುವುದೇ ಇಲ್ಲ, ಹಿಂದಿನ ಬೆಳೆಯಲ್ಲಿ ಇರುತ್ತದೆ.

ಮೊದಲು: ಇದು ನಿಜವಾಗಿ ಸಾರಜನಕದ ಕೊರತೆಯೇ?

ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಎಲ್ಲ ಹಳದಿಯೂ ಒಂದೇ ಥರ ಕಾಣುತ್ತದೆ. ಒಳಗೆ ಹೋಗಿ, ಕೂತು ನೋಡಬೇಕು.

ಸಾರಜನಕ ಕಡಿಮೆಯಾದರೆ ಗಿಡ ಕೆಳಗಿನ ಹಳೇ ಎಲೆಯಿಂದ ಕಿತ್ತು ಮೇಲಿನ ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಹಳದಿ ಕೆಳಗಿನಿಂದ ಶುರು. ಎಲೆಯ ತುದಿಯಲ್ಲಿ ಹುಟ್ಟಿ, ನಡುನರದ ಗುಂಟ ಬುಡದ ಕಡೆ ಇಳಿಯುತ್ತದೆ. ಅಂಚು ಹಸಿರಾಗಿ ಉಳಿದು, ನಡುವೆ ಇಂಗ್ಲಿಷಿನ 'ವಿ' ಬರೆದ ಹಾಗೆ ಕಾಣುತ್ತದೆ. ಇದರ ಉಲ್ಟಾ, ಅಂಚು ಸುಟ್ಟು ನಡು ಹಸಿರಾಗಿದ್ದರೆ ಅದು ಪೊಟ್ಯಾಷ್ ಕೊರತೆ. ಅದಕ್ಕೆ ಯೂರಿಯಾ ಸುರಿದು ಪ್ರಯೋಜನವಿಲ್ಲ.

ಹಳದಿ ಮೇಲಿನ ಎಳೆ ಎಲೆಯಲ್ಲಿದ್ದರೆ ಸಾರಜನಕದ ಮೇಲೆ ಅನುಮಾನ ಬಿಡಿ. ಎಳೆ ಎಲೆ ಪೂರ್ತಿ ತಿಳಿಹಳದಿಯಾಗಿ ಗೆರೆಗೆರೆ ಕಂಡರೆ ಗಂಧಕ. ಎಳೆ ಎಲೆಯ ಬುಡದ ಕಡೆ, ನಡುನರದ ಎರಡೂ ಪಕ್ಕ ಅಗಲವಾದ ಬಿಳಿ ಪಟ್ಟಿ ಕಂಡರೆ ಸತು, ಅಂದರೆ ಜಿಂಕ್. ನೇರಳೆ ಬಣ್ಣ ತಿರುಗಿದ್ದರೆ ರಂಜಕ.

ಎಲೆ ನೋಡಿ ಮುಗಿಸಬೇಡಿ. ಸನಿಕೆ ತಗೊಂಡು ನಾಲ್ಕು ಗಿಡ ಅಗೆಯಿರಿ. ಎಳೆದು ಕೀಳಬೇಡಿ, ಬೇರು ಹರಿದುಹೋಗುತ್ತದೆ. ಬೇರು ಕಡಿದ ಹಾಗಿದ್ದು, ಮಣ್ಣಲ್ಲಿ ಬೆಳ್ಳಗೆ ಸುರುಳಿ ಸುತ್ತಿದ ಹುಳ ಸಿಕ್ಕರೆ ಅದು ಗೊಣ್ಣೆ ಹುಳು. ಗೊಬ್ಬರ ಕುಡಿಯಲು ಬಾಯಿಯೇ ಇಲ್ಲದ ಗಿಡಕ್ಕೆ ಎಷ್ಟು ಬಡಿಸಿದರೇನು! ಬೇರು ಕಂದಾಗಿ ಮೆತ್ತಗಾಗಿದ್ದರೆ ನೀರು ನಿಂತಿದೆ ಅಂತ ಅರ್ಥ. ಬೇರು ಒಂದು ಗೇಣು ಇಳಿದು, ಅಲ್ಲಿಂದ ಅಡ್ಡ ತಿರುಗಿದ್ದರೆ ಕೆಳಗೆ ಮಣ್ಣು ಗಟ್ಟಿಯಾಗಿದೆ. ವರ್ಷವರ್ಷವೂ ಅದೇ ಆಳಕ್ಕೆ ರೋಟವೇಟರ್ ಹೊಡೆದ ಹೊಲಗಳಲ್ಲಿ ಇದು ಜಾಸ್ತಿ.

ಹಳದಿ ಯಾವ ನಕ್ಷೆಯಲ್ಲಿದೆ?

ಗಿಡಕ್ಕಿಂತ ಹೊಲದ ನಕ್ಷೆ ಜಾಸ್ತಿ ಮಾತಾಡುತ್ತದೆ. ತಗ್ಗಿನಲ್ಲಿ ಹಳದಿ, ಏರಿನಲ್ಲಿ ಹಸಿರು ಇದ್ದರೆ ನೀರು ನಿಂತ ತೊಂದರೆ. ಏರಿನಲ್ಲಿ ಹಳದಿ, ತಗ್ಗಿನಲ್ಲಿ ಕಡುಹಸಿರು ಇದ್ದರೆ ಗೊಬ್ಬರ ಕೊಚ್ಚಿಹೋಗಿದೆ. ಸಮ ಅಂತರದಲ್ಲಿ ಹಸಿರು–ಹಳದಿ ಪಟ್ಟೆ ಬಂದಿದ್ದರೆ ಎರಚಿದ ಕೈ ತಪ್ಪಿದೆ, ಇಲ್ಲವೇ ಕೂರಿಗೆಯ ಒಂದು ತಾಳು, ಅಂದರೆ ಗೊಬ್ಬರ ಇಳಿಯುವ ಕೊಳವೆ, ಕಟ್ಟಿಕೊಂಡಿದೆ.

ನಾನು ಎಲ್ಲಕ್ಕಿಂತ ಮೊದಲು ಹುಡುಕುವುದು ಹಳೇ ತಿಪ್ಪೆ ಇದ್ದ ಜಾಗ, ಇಲ್ಲವೇ ಬೇಸಿಗೆಯಲ್ಲಿ ಕುರಿ ಮಂದೆ ನಿಲ್ಲಿಸಿದ ಜಾಗ. ಅಲ್ಲಿ ಬೆಳೆ ಕಡುಹಸಿರಾಗಿ, ಸುತ್ತ ಹಳದಿ ಇದ್ದರೆ ಹೊಲಕ್ಕೆ ಏನೋ ಹಸಿವಿದೆ ಅಂತ ಖಾತ್ರಿ. ಅಲ್ಲೂ ಹಳದಿಯೇ ಇದ್ದರೆ ಬೇರು, ನೀರು, ರೋಗದ ಕಡೆ ತಿರುಗಿ.

ಒಂದು ಚೀಟಿ ಲೆಕ್ಕ

ಕಡಿಮೆ ಆಯಿತೋ, ಸೋರಿತೋ ಅಂತ ತಿಳಿಯಲು ಲೆಕ್ಕ ಬೇಕೇ ಬೇಕು. ಕಷ್ಟವೇನಿಲ್ಲ. ಈಗ ಯೂರಿಯಾ ಚೀಲ 45 ಕೆ.ಜಿ. 2018ಕ್ಕೆ ಮುಂಚೆ 50 ಇತ್ತು. ಯೂರಿಯಾದಲ್ಲಿ ಸಾರಜನಕ ಶೇ 46. ಅಂದರೆ ಚೀಲಕ್ಕೆ 20.7 ಕೆ.ಜಿ. ಡಿಎಪಿಯ 50 ಕೆ.ಜಿ. ಚೀಲದಲ್ಲಿ 9 ಕೆ.ಜಿ.

ಮೂರು ಚೀಲ ಯೂರಿಯಾ, ಒಂದು ಚೀಲ ಡಿಎಪಿ ಹಾಕಿದರೆ ಎಕರೆಗೆ ಸುಮಾರು 71 ಕೆ.ಜಿ. ಸಾರಜನಕ. ಕೃಷಿ ವಿಶ್ವವಿದ್ಯಾಲಯದವರು ಹೇಳುವ ಪ್ರಮಾಣ ಮಳೆಯಾಶ್ರಿತ ಹೈಬ್ರಿಡ್ ಮೆಕ್ಕೆಜೋಳಕ್ಕೆ ಎಕರೆಗೆ 40 ಕೆ.ಜಿ., ನೀರಾವರಿಗೆ 60. ಎರಡನ್ನೂ ದಾಟಿದ್ದೇವೆ. ಹಾಗಾದರೆ ಬೆಳೆ ಹಸಿದಿರುವುದು ನಾವು ಕಡಿಮೆ ಹಾಕಿದ್ದಕ್ಕಲ್ಲ.

ಈಗ ಹೊರಗೆ ಹೋದ ಲೆಕ್ಕ. ಮೆಕ್ಕೆಜೋಳದ ಒಂದು ಕ್ವಿಂಟಲ್ ಕಾಳಿನಲ್ಲಿ ಸುಮಾರು 1.4 ಕೆ.ಜಿ. ಸಾರಜನಕ ಇರುತ್ತದೆ. 25 ಕ್ವಿಂಟಲ್ ಬಂದರೆ 35 ಕೆ.ಜಿ. ಹಾಕಿದ್ದು 71, ಕಾಳಲ್ಲಿ ಹೋಗಿದ್ದು 35. ಅರ್ಧದಷ್ಟು. ಪರವಾಗಿಲ್ಲ ಅನಿಸುತ್ತದೆ. ಆದರೆ ಈ 35ರಲ್ಲಿ ಮಣ್ಣು ತಾನಾಗಿ ಕೊಟ್ಟದ್ದೂ ಸೇರಿದೆ. ಸಾರಜನಕ ಹಾಕದೆ ಬಿಟ್ಟ ಪಟ್ಟಿಯಲ್ಲಿ ಎಕರೆಗೆ 14 ಕ್ವಿಂಟಲ್ ಲೆಕ್ಕಕ್ಕೆ ಬಂತು ಅಂದುಕೊಳ್ಳಿ. ಆಗ ಗೊಬ್ಬರದಿಂದ ಬಂದದ್ದು 11 ಕ್ವಿಂಟಲ್, ಅಂದರೆ ಸುಮಾರು 15 ಕೆ.ಜಿ. ಸಾರಜನಕ. 71ರಲ್ಲಿ 15. ಶೇ 22 ಅಷ್ಟೇ. ಜಗತ್ತಿನ ಧಾನ್ಯ ಬೆಳೆಗಳಲ್ಲಿ ಹೀಗೆ ಕಾಳು ಸೇರುವ ಪಾಲು ಸುಮಾರು ಶೇ 33 ಅಂತ 1999ರಲ್ಲಿ ಒಂದು ಅಂದಾಜು ಬಂದಿತ್ತು. ಅದೇ ಕಡಿಮೆ ಅಂತ ಆಗ ದೊಡ್ಡ ಚರ್ಚೆಯಾಯಿತು!

ಇನ್ನೊಂದು ಕಡೆಯ ದೋಷವೂ ಇದೆ. ಹಾಕಿದ್ದಕ್ಕಿಂತ ತೆಗೆದದ್ದು ಜಾಸ್ತಿ ಬಂದರೆ, ಅಂದರೆ ಶೇ 100 ದಾಟಿದರೆ, ಖುಷಿಪಡಬೇಡಿ. ಬರೀ ಹಿಂಗಾರಿ ಜೋಳ ಹಾಕಿ, ಗೊಬ್ಬರ ಹಾಕದೆ, ಕಣಕಿಯನ್ನೂ ದನಕ್ಕೆ ಒಯ್ಯುವ ಹೊಲಗಳಲ್ಲಿ ಹೀಗಾಗುತ್ತದೆ. ಮಣ್ಣಿನ ಅಸಲು ಕರಗುತ್ತಿದೆ ಅಂತ ಅರ್ಥ.

ಎರಡು ಪಟ್ಟಿ ಬಿಡಿ

ಮೇಲೆ ಹೇಳಿದ ಸಾರಜನಕವಿಲ್ಲದ ಪಟ್ಟಿಯನ್ನು, ಅಂದರೆ ಬರಿ ಪಟ್ಟಿಯನ್ನು, ಪ್ರತಿ ವರ್ಷ ಬಿಡಿ. ನಾಲ್ಕು ಸಾಲು, 10 ಮೀಟರ್ ಉದ್ದ ಸಾಕು. ಅದಕ್ಕೆ ಉಳಿದ ಗೊಬ್ಬರ ಕೊಡಿ, ಸಾರಜನಕ ಮಾತ್ರ ಬೇಡ. ಡಿಎಪಿ ಬದಲು ಸೂಪರ್ ಫಾಸ್ಫೇಟ್ ಹಾಕಿ. ಪಕ್ಕದಲ್ಲೇ ಅಷ್ಟೇ ಅಳತೆಯ ಇನ್ನೊಂದು ಪಟ್ಟಿಗೆ ಯೂರಿಯಾ ಜಾಸ್ತಿ ಕೊಡಿ. 60 ಸೆಂ.ಮೀ. ಸಾಲಿನ ಅಂತರದಲ್ಲಿ ಆ ಜಾಗ 24 ಚದರ ಮೀಟರ್. ಎಕರೆಗೆ ಒಂದು ಚೀಲದ ಲೆಕ್ಕದಲ್ಲಿ ಸುಮಾರು 270 ಗ್ರಾಂ ಯೂರಿಯಾ ಆಗುತ್ತದೆ. ನಾಲ್ಕೂ ಮೂಲೆಗೆ ಗೂಟ ಹೊಡೆಯಿರಿ. ಗೂಟ ಇಲ್ಲದಿದ್ದರೆ ಆಳುಗಳು ಎಡೆ ಹೊಡೆಯುವಾಗ ಎಲ್ಲ ಒಂದಾಗುತ್ತದೆ. ನನ್ನ ಮೊದಲ ವರ್ಷದ ಪಟ್ಟಿ ಹೀಗೇ ಕಳೆದುಹೋಯಿತು.

ಒಂದು ಹದ ಮಳೆಯಾದ ಮೇಲೆ, ಹತ್ತು–ಹನ್ನೆರಡು ದಿನ ಬಿಟ್ಟು ನೋಡಿ. ಜಾಸ್ತಿ ಕೊಟ್ಟ ಪಟ್ಟಿ ಎದ್ದು ಕಾಣುವಷ್ಟು ಹಸಿರಾದರೆ ಬೆಳೆಗೆ ಸಾರಜನಕ ಬೇಕಿದೆ, ಮೊದಲು ಹಾಕಿದ್ದು ಎಲ್ಲೋ ಸೋರಿದೆ. ಜಾಸ್ತಿ ಪಟ್ಟಿಗೂ ಉಳಿದ ಹೊಲಕ್ಕೂ ವ್ಯತ್ಯಾಸವಿಲ್ಲದೆ, ಎರಡೂ ಹಳದಿ ಇದ್ದರೆ ತಡೆ ಬೇರೆ ಕಡೆ ಇದೆ. ಬರಿ ಪಟ್ಟಿಯೂ ಹಸಿರಾಗೇ ಇದ್ದರೆ? ನಿಮ್ಮ ಮಣ್ಣು, ಹಿಂದಿನ ಬೆಳೆ, ಬೋರಿನ ನೀರು ಮೂರೂ ಸೇರಿ ಸಾಕಷ್ಟು ಕೊಡುತ್ತಿವೆ. ಮುಂದಿನ ವರ್ಷ ಧೈರ್ಯವಾಗಿ ಒಂದು ಚೀಲ ಇಳಿಸಿ.

ಸೋರುವ ದಾರಿಗಳು

ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಪಿಎಚ್ (ಮಣ್ಣಿನ ಹುಳಿ–ಕ್ಷಾರದ ಅಳತೆ) 8 ದಾಟಿದ್ದರೆ ಮೊದಲ ಅನುಮಾನ ಗಾಳಿಯ ಮೇಲೆ. ಮಣ್ಣಿನ ಮೇಲೆ ಬಿದ್ದ ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಾ ಆಗುತ್ತದೆ. ಒಳಗೆ ಇಳಿಯದಿದ್ದರೆ ಹಾರಿಹೋಗುತ್ತದೆ. ತುಂತುರು ಬಿದ್ದು ಮೇಲ್ಮಣ್ಣು ಮಾತ್ರ ಒದ್ದೆಯಾಗಿ, ಆಮೇಲೆ ಬಿಸಿಲು ಬಂದರೆ ಇದಕ್ಕಿಂತ ಕೆಟ್ಟ ಹೊತ್ತು ಇಲ್ಲ. ಯೂರಿಯಾ ಕರಗುವಷ್ಟು ನೀರಿದೆ, ಇಳಿಯುವಷ್ಟು ಇಲ್ಲ. ಪರಿಹಾರ ಸುಲಭ. ಸಾಲಿನ ಪಕ್ಕ ಹಾಕಿ, ಹಿಂದೆಯೇ ಎಡೆಕುಂಟೆ ಹೊಡೆದು ಎರಡು ಇಂಚು ಮುಚ್ಚಿ. ಇಲ್ಲವೇ ನೀರು ಹಾಯಿಸುವ ಮುಂಚಿನ ದಿನ ಹಾಕಿ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. 2015ರಿಂದ ನಮ್ಮ ಯೂರಿಯಾ ಎಲ್ಲ ಬೇವು ಲೇಪಿತ. 'ಬೇವು ಹಚ್ಚಿದ್ದಾರಲ್ಲ, ಹಾರಿಹೋಗಲ್ಲ' ಅನ್ನುತ್ತಾರೆ. ಬೇವು ತಡ ಮಾಡುವುದು ಅಮೋನಿಯಂ ಅನ್ನುವುದು ನೈಟ್ರೇಟ್ ಆಗಿ ಬದಲಾಗುವುದನ್ನು. ಅದರಿಂದ ನೀರಿನೊಂದಿಗೆ ಇಳಿದುಹೋಗುವುದು ಕಡಿಮೆಯಾಗುತ್ತದೆ. ಮೇಲೆ ಚೆಲ್ಲಿದ ಯೂರಿಯಾ ಗಾಳಿಗೆ ಹೋಗುವುದನ್ನು ಅದು ತಡೆಯುವುದಿಲ್ಲ. ಮುಚ್ಚುವ ಕೆಲಸ ನಮ್ಮದೇ.

ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಕಥೆ ಬೇರೆ. ಅಲ್ಲಿ ಜಡಿಮಳೆಗೆ ನೈಟ್ರೇಟ್ ಬೇರಿನ ಕೆಳಗೆ ಇಳಿದುಬಿಡುತ್ತದೆ. ಒಂದೇ ಸಲ ಜಾಸ್ತಿ ಹಾಕಬೇಡಿ, ಮೂರು ಕಂತು ಮಾಡಿ.

ಎರೆಯಲ್ಲಿ ಎರಡು–ಮೂರು ದಿನ ನೀರು ನಿಂತರೆ ಮಣ್ಣಿಗೆ ಉಸಿರು ಕಟ್ಟುತ್ತದೆ. ಅಲ್ಲಿನ ಸೂಕ್ಷ್ಮಾಣುಗಳು ನೈಟ್ರೇಟನ್ನು ಅನಿಲ ಮಾಡಿ ಬಿಡುತ್ತವೆ. ಅದರಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್. ಭೂಮಿ ಬಿಸಿ ಮಾಡುವುದರಲ್ಲಿ ಇದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಜೋರು. ನಮ್ಮ ಜೇಬಿಗೂ ನಷ್ಟ, ಹವಾಮಾನಕ್ಕೂ ಕೇಡು. ನೀರು ನಿಂತಾಗಲೇ ಯೂರಿಯಾ ಎರಚುವವರನ್ನು ನೋಡಿದ್ದೇನೆ. ಬೇಡ. ಮೊದಲು ಬಸಿಗಾಲುವೆ ತೆಗೆಯಿರಿ. ಮಣ್ಣು ಹದಕ್ಕೆ ಬಂದ ಮೇಲೆ ಎಡೆ ಹೊಡೆದು, ಆಮೇಲೆ ಒಂದು ಕಂತು ಕೊಡಿ. ಅಲ್ಲಿಯವರೆಗೆ ಕೈ ಕಟ್ಟಿ ಕೂರಲು ಆಗದಿದ್ದರೆ ಶೇ 2ರ ಯೂರಿಯಾ ಸಿಂಪಡಿಸಿ. ಲೀಟರಿಗೆ 20 ಗ್ರಾಂ. 200 ಲೀಟರಿಗೆ 4 ಕೆ.ಜಿ. ಯೂರಿಯಾ, ಅದರಲ್ಲಿ ಸಾರಜನಕ 2 ಕೆ.ಜಿ.ಗೂ ಕಡಿಮೆ. ಇದು ಗ್ಲುಕೋಸ್ ಬಾಟಲಿ ಹಾಕಿದ ಹಾಗೆ, ಊಟವಲ್ಲ. ನ್ಯಾನೊ ಯೂರಿಯಾದ ವಿಷಯದಲ್ಲೂ ಈ ಲೆಕ್ಕ ಮಾಡಿ ನೋಡಿ. ಶೇ 4ರ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 20 ಗ್ರಾಂ ಸಾರಜನಕ. ಶೇ 20ರದ್ದಾದರೂ 100 ಗ್ರಾಂ.

ಹೊತ್ತು ತಪ್ಪುವುದೂ ಒಂದು ಸೋರಿಕೆ. ಮೆಕ್ಕೆಜೋಳ ಮೊದಲ ತಿಂಗಳಲ್ಲಿ ತುಂಬಾ ಕಡಿಮೆ ಉಣ್ಣುತ್ತದೆ. ಮೊಣಕಾಲು ಎತ್ತರದಿಂದ ಸೂಲಂಗಿ (ತುದಿಯ ಗಂಡು ಹೂ) ಬರುವವರೆಗೆ ಬಕಾಸುರ. ಬಿತ್ತುವಾಗಲೇ ಅರ್ಧಕ್ಕಿಂತ ಜಾಸ್ತಿ ಹಾಕಿದರೆ ಅದು ತಿಂಗಳುಗಟ್ಟಲೆ ಮಣ್ಣಲ್ಲಿ ಕಾಯಬೇಕು. ಮುಂಗಾರು ಕಾಯಲು ಬಿಡುವುದಿಲ್ಲ.

ಹಿಂದಿನ ಬೆಳೆ ಹಿಡಿದಿಟ್ಟುಕೊಂಡಾಗ

ಇದರಲ್ಲಿ ನಾನೇ ಕೆಟ್ಟು ಕಲಿತವನು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಕೆಲವು ವರ್ಷದ ಹಿಂದೆ 'ದಂಟು ಸುಡಬೇಡಿ, ಮಣ್ಣಿಗೆ ಸೇರಿಸಿ' ಅಂತ ಕೇಳಿ ಹುರುಪಿನಿಂದ ಮೆಕ್ಕೆಜೋಳದ ದಂಟನ್ನೆಲ್ಲ ರೋಟವೇಟರ್ ಹೊಡೆಸಿ ಸೇರಿಸಿದೆ. ಸುಡದೆ ಇದ್ದದ್ದು ಸರಿಯೇ. ಆದರೆ ಐದನೇ ದಿನಕ್ಕೇ ಹಿಂಗಾರಿ ಜೋಳ ಬಿತ್ತಿದೆ. ಮೊಳಕೆ ಚೆನ್ನಾಗಿ ಬಂತು. ಎರಡು ವಾರಕ್ಕೆ ಹೊಲ ಪೂರ್ತಿ ಹಳದಿ. ಗಾಬರಿಯಾಗಿ ಒಂದು ಚೀಲ ಯೂರಿಯಾ ಕೊಟ್ಟೆ. ಬಣ್ಣ ಬದಲಾಗಲಿಲ್ಲ. ಇನ್ನೂ ಅರ್ಧ ಚೀಲ ಕೊಟ್ಟೆ. ತಿಂಗಳು ಕಳೆದ ಮೇಲೆ ಜೋಳ ಏಕಾಏಕಿ ಕಡುಹಸಿರಾಗಿ, ಆಳೆತ್ತರ ಬೆಳೆದು, ತೆನೆ ತುಂಬುವಾಗ ಒಂದು ಗಾಳಿಗೆ ಮಲಗಿಬಿಟ್ಟಿತು.

ಆಗಿದ್ದು ಇಷ್ಟು. ಮೆಕ್ಕೆಜೋಳದ ದಂಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 60 ಪಾಲು ಇಂಗಾಲ ಇರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಾಣುಗಳಿಗೆ 25ರ ಆಸುಪಾಸು ಇದ್ದರೆ ಸಾಕು. ಕೊರತೆ ಬಿದ್ದ ಸಾರಜನಕವನ್ನು ಅವು ಮಣ್ಣಿನಿಂದ ಕಿತ್ತುಕೊಳ್ಳುತ್ತವೆ. ನಾನು ಹಾಕಿದ ಮೊದಲ ಚೀಲ ತಿಂದದ್ದು ಅವೇ. ಅವುಗಳ ಊಟ ಮುಗಿದು, ಅವು ಸತ್ತು ಕೊಳೆತಾಗ ಹಿಡಿದದ್ದೆಲ್ಲ ವಾಪಸ್ ಬಂತು. ಅಷ್ಟೊತ್ತಿಗೆ ನನ್ನ ಎರಡನೇ ಕಂತೂ ಜೊತೆಗಿತ್ತು. ಈ ಸಾರಜನಕ ಸೋರಿರಲಿಲ್ಲ, ಅಡ ಇಟ್ಟ ಹಾಗಿತ್ತು.

ಗುರುತು ಹಿಡಿಯುವುದು ಹೀಗೆ: ಹಳದಿ ಬೆಳೆಯ ಮೊದಲ ಮೂರ್ನಾಲ್ಕು ವಾರದಲ್ಲೇ ಬರುತ್ತದೆ. ದಂಟು ಜಾಸ್ತಿ ಬಿದ್ದ ಜಾಗದಲ್ಲಿ, ಯಂತ್ರದಿಂದ ತೆನೆ ಬಿಡಿಸಿ ರವದಿ ರಾಶಿ ಹಾಕಿದ್ದ ಜಾಗದಲ್ಲಿ, ಇನ್ನೂ ಜೋರಾಗಿರುತ್ತದೆ. ಮಣ್ಣು ಕೆದಕಿದರೆ ಅರೆಕೊಳೆತ ದಂಟಿನ ಚೂರು ಸಿಗುತ್ತದೆ. ಹೀಗಿದ್ದರೆ ಮೇಲೆ ಎರಚುವುದು ದಂಡ. ಬಿತ್ತುವಾಗಲೇ ಸ್ವಲ್ಪ ಸಾರಜನಕವನ್ನು ಕೂರಿಗೆಯಲ್ಲಿ ಬೀಜದ ಪಕ್ಕಕ್ಕೆ, ದಂಟಿನ ಪದರದ ಕೆಳಗೆ ಬಿಡಬೇಕು. ಅದಕ್ಕಿಂತ ಒಳ್ಳೆಯದು, ದಂಟು ಸೇರಿಸಿ ಮೂರ್ನಾಲ್ಕು ವಾರ ಬಿಟ್ಟು ಬಿತ್ತುವುದು. ಹದ ಆರಿಹೋಗುತ್ತದೆ ಅನ್ನುವವರು ಜೋಳದ ಬದಲು ಕಡಲೆ ಹಾಕಿ. ಅದು ತನ್ನ ಸಾರಜನಕ ತಾನೇ ದುಡಿದುಕೊಳ್ಳುತ್ತದೆ. ನಾನು ಈಗ ಮಾಡುವುದು ಅದನ್ನೇ.

ಕಡಲೆ ಹಾಕಿದರೂ ಸಾರಜನಕ ಯಾಕೆ ಉಳಿಯಲಿಲ್ಲ?

ದುಡಿದುಕೊಳ್ಳುತ್ತದೆ ಅಂದೆ. ಪ್ರತಿ ಸಲ ಅಲ್ಲ. ಬಿತ್ತಿ 40–45 ದಿನಕ್ಕೆ, ಹೂವಿನ ಹೊತ್ತಿಗೆ, ಐದಾರು ಗಿಡ ಅಗೆದು ಬೇರು ತೊಳೆಯಿರಿ. ಬೇರಿನ ಮೇಲಿನ ಗಂಟುಗಳನ್ನು (ಸಾರಜನಕ ಹಿಡಿಯುವ ಸೂಕ್ಷ್ಮಾಣುಗಳ ಮನೆ) ಉಗುರಲ್ಲಿ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಇದ್ದರೆ ಕೆಲಸ ನಡೆಯುತ್ತಿದೆ. ಬಿಳಿ, ಬೂದಿ ಇದ್ದರೆ ಇಲ್ಲ. ಗಂಟೇ ಇಲ್ಲದಿದ್ದರೆ ಎರಡು ಕಾರಣ ಹುಡುಕಿ. ಒಂದು, ಸರಿಯಾದ ರೈಜೋಬಿಯಂ, ಅಂದರೆ ಗಂಟು ಕಟ್ಟಿಸುವ ಸೂಕ್ಷ್ಮಾಣು, ಇಲ್ಲ. ಕಡಲೆಗೆ ಬೇಕಾದ್ದು ಬೇರೆ, ಸೋಯಾಕ್ಕೆ ಬೇರೆ, ಹೆಸರು–ತೊಗರಿ–ಅಲಸಂದೆಗೆ ಬೇರೆ. ಅಂಗಡಿಯವನು ಕೊಟ್ಟ ಪೊಟ್ಟಣದ ಮೇಲೆ ಯಾವ ಬೆಳೆ ಅಂತ ಓದಿ. ಬಿಸಿಲಲ್ಲಿ ಇಟ್ಟ ಪೊಟ್ಟಣವಾದರೆ ಹುಳವೆಲ್ಲ ಸತ್ತು ಬರೀ ಇದ್ದಿಲ ಪುಡಿ ಉಳಿದಿರುತ್ತದೆ. ಎರಡು, ಮೆಕ್ಕೆಜೋಳಕ್ಕೆ ಹಾಕಿದ ಯೂರಿಯಾ ಮಣ್ಣಲ್ಲಿ ಬಹಳ ಉಳಿದಿದೆ. ಪುಕ್ಕಟೆ ಸಿಗುವಾಗ ಗಿಡ ಯಾಕೆ ಗಂಟು ಕಟ್ಟುತ್ತದೆ?

ಗಂಟು ಚೆನ್ನಾಗಿದ್ದರೂ ಲೆಕ್ಕ ಮರೆಯಬೇಡಿ. ಆರು ಕ್ವಿಂಟಲ್ ಕಡಲೆ ಕಾಳಿನಲ್ಲಿ ಸುಮಾರು 20 ಕೆ.ಜಿ. ಸಾರಜನಕ ಹೊರಗೆ ಹೋಗುತ್ತದೆ. ಗಿಡವನ್ನು ಬೇರುಸಮೇತ ಕಿತ್ತು, ಹೊಟ್ಟನ್ನೂ ಮಾರಿದರೆ ಹೊಲಕ್ಕೆ ಉಳಿಯುವುದು ಉದುರಿದ ಎಲೆ ಮಾತ್ರ. 'ಕಡಲೆ ಹಾಕಿದ್ದೇನೆ, ಮುಂದಿನ ಬೆಳೆಗೆ ಯೂರಿಯಾ ಅರ್ಧ ಸಾಕು' ಅನ್ನುವುದು ಆ ಹೊಲಕ್ಕೆ ಹೊಂದುವುದಿಲ್ಲ. ಬುಡಕ್ಕೆ ಕುಡುಗೋಲು ಹಾಕಿ ಕೊಯ್ದು, ಹೊಟ್ಟನ್ನು ದನದ ಮೂಲಕ ಗೊಬ್ಬರವಾಗಿ ವಾಪಸ್ ತಂದರೆ ಮಾತು ಬೇರೆ. ಹೆಸರು ಈ ವಿಷಯದಲ್ಲಿ ಉದಾರಿ. ಕಾಯಿ ಬಿಡಿಸಿಕೊಂಡು ಹಸಿ ಗಿಡವನ್ನು ಮಣ್ಣಿಗೆ ಸೇರಿಸಿದರೆ ಹಿಂದೆ ಬರುವ ಜೋಳದ ಬಣ್ಣವೇ ಬೇರೆ.

ಬೇರೆ ಪೋಷಕಾಂಶ ದಾರಿ ಕಟ್ಟಿದಾಗ

ಜಾಸ್ತಿ ಪಟ್ಟಿಯೂ ಹಳದಿ, ಬೇರು ಚೆನ್ನಾಗಿದೆ, ನೀರೂ ನಿಂತಿಲ್ಲ ಅಂದರೆ ಇಲ್ಲಿಗೆ ಬನ್ನಿ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಮಳೆಯಾಶ್ರಿತ ಹೊಲಗಳ ಮಣ್ಣು ನೋಡಿದಾಗ ಗಂಧಕ, ಸತು, ಬೋರಾನ್ ಕೊರತೆ ಬಹಳ ಕಡೆ ಕಂಡಿತ್ತು. ಗಂಧಕ ಇಲ್ಲದೆ ಗಿಡ ಸಾರಜನಕವನ್ನು ಪ್ರೋಟೀನ್ ಮಾಡಲಾರದು. ಡಿಎಪಿಯಲ್ಲಿ ಗಂಧಕ ಇಲ್ಲ. ವರ್ಷವರ್ಷ ಡಿಎಪಿ–ಯೂರಿಯಾ ಮಾತ್ರ ಹಾಕಿದ ಹೊಲದಲ್ಲಿ ಒಂದು ಸಲ 20–20–0–13 ಹಾಕಿ ನೋಡಿ. ಆ ಕೊನೆಯ 13 ಗಂಧಕ. ಸತುವಿಗೆ ಎಕರೆಗೆ 10 ಕೆ.ಜಿ. ಜಿಂಕ್ ಸಲ್ಫೇಟ್. ಡಿಎಪಿ ಜೊತೆ ಕಲಸಬೇಡಿ, ಒಂದನ್ನೊಂದು ಹಿಡಿದುಕೊಂಡು ಕೂರುತ್ತವೆ.

ಬೆಂಗಳೂರಿನ ಜಿಕೆವಿಕೆಯಲ್ಲಿ (ಕೃಷಿ ವಿಶ್ವವಿದ್ಯಾಲಯದ ಆವರಣ) ಕೆಂಪು ಮಣ್ಣಿನ ಮೇಲೆ ರಾಗಿ–ಮೆಕ್ಕೆಜೋಳ ಸರದಿಯ ಪ್ರಯೋಗವೊಂದು 1986ರಿಂದ ನಡೆದಿದೆ. ಅಲ್ಲಿ ಸಾರಜನಕ ಒಂದನ್ನೇ ಕೊಟ್ಟ ತಾಕುಗಳು ತೀರಾ ಹಿಂದೆ ಬಿದ್ದವು, ಮಣ್ಣೂ ಹುಳಿಯಾಯಿತು. ರಂಜಕ, ಪೊಟ್ಯಾಷ್, ಕೊಟ್ಟಿಗೆ ಗೊಬ್ಬರ, ಸುಣ್ಣ ಸೇರಿದ ತಾಕುಗಳು ಮುಂದೆ ನಿಂತವು.

ಅತಿ ಹಸಿರೂ ದೋಷವೇ

ಬೆಳೆ ಕಪ್ಪು ಅನ್ನುವಷ್ಟು ಹಸಿರು, ದಂಟು ಮೆತ್ತಗೆ, ಸೈನಿಕ ಹುಳು ಜಾಸ್ತಿ, ತೆನೆ ಬಲಿಯುವುದು ತಡ. ಹಾಕಿದ್ದು ಕಡಿಮೆ ಇದ್ದರೂ ಹೀಗಾದರೆ ಬೋರಿನ ನೀರು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ನೈಟ್ರೇಟ್ ಮಿತಿ ಲೀಟರಿಗೆ 45 ಮಿ.ಗ್ರಾಂ. ಅಷ್ಟಿರುವ ನೀರನ್ನು ಒಂದು ಎಕರೆಗೆ 10 ಸೆಂ.ಮೀ. ಹಾಯಿಸಿದರೆ 4 ಕೆ.ಜಿ. ಸಾರಜನಕ ಹೊಲ ಸೇರುತ್ತದೆ. ನಾವು ಹಿಂದೆ ಸೋರಿಸಿದ್ದೇ ಮೋಟರ್ ಹತ್ತಿ ವಾಪಸ್ ಬರುತ್ತಿದೆ. ಅದನ್ನು ಚೀಟಿ ಲೆಕ್ಕಕ್ಕೆ ಸೇರಿಸಿ, ಯೂರಿಯಾ ಇಳಿಸಿ. ಮನೆಯವರು, ಮುಖ್ಯವಾಗಿ ಕೂಸುಗಳು, ಅದೇ ನೀರು ಕುಡಿಯುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ.

ಕೊಯ್ಲಿನ ದಿನ

ಪಟ್ಟಿಗಳನ್ನು ಬಣ್ಣ ನೋಡಿ ಬಿಟ್ಟರೆ ಅರ್ಧ ಕೆಲಸ. ಪ್ರತಿ ಪಟ್ಟಿಯ ನಡುವಿನ ಎರಡು ಸಾಲು ಮಾತ್ರ ಮುರಿಯಿರಿ. ಅಂಚಿನ ಸಾಲು ಪಕ್ಕದ ಗೊಬ್ಬರ ಕದ್ದಿರುತ್ತದೆ. ಎರಡು ಸಾಲು, 10 ಮೀಟರ್, ಅಂದರೆ 12 ಚದರ ಮೀಟರ್. ಕಾಳು ಬಿಡಿಸಿ, ಒಣಗಿಸಿ ತೂಗಿ. ಅಲ್ಲಿನ ಒಂದು ಕೆ.ಜಿ. ಕಾಳು ಎಕರೆಗೆ 337 ಕೆ.ಜಿ.ಗೆ ಸಮ. 7.4 ಕೆ.ಜಿ. ಬಂದರೆ 25 ಕ್ವಿಂಟಲ್. ಇದನ್ನು ಕಡಲೆಯ ತೂಕದ ಜೊತೆ ಒಂದೇ ಹಾಳೆಯಲ್ಲಿ ಬರೆಯಿರಿ. ಮುಂಗಾರು–ಹಿಂಗಾರು ಎರಡೂ ಬೆಳೆಗೆ ಹಾಕಿದ್ದು ಒಂದು ಕಡೆ, ಎರಡರಿಂದಲೂ ಹೋಗಿದ್ದು ಇನ್ನೊಂದು ಕಡೆ. ಬರಿ ಪಟ್ಟಿಯ ಜಾಗವನ್ನು ಮುಂದಿನ ವರ್ಷ ಬದಲಿಸಿ. ಒಂದೇ ಜಾಗ ಉಪವಾಸ ಬಿದ್ದರೆ ಅಲ್ಲಿನ ಮಣ್ಣು ಉಳಿದ ಹೊಲದ ಹಾಗೆ ಇರುವುದಿಲ್ಲ, ಲೆಕ್ಕ ತಪ್ಪುತ್ತದೆ.